ಮಿಂದು ಹೊರಬರುವ ಮನೆ

ಮಿಡಿಗೇಶಿ ಕಡೆ ಕಾಲುಬಾಯಿ ಜ್ವರ ಬಂದ ವರ್ಷ, ಈರಜ್ಜನ ಹಸುವಿನ ನಾಲಿಗೆಯ ಹುಣ್ಣಿನಿಂದ ಎದ್ದ ಸಿಪ್ಪೆಯನ್ನು ಐಸಿನಲ್ಲಿಟ್ಟು ಪರೀಕ್ಷೆಗೆಂದು ಬೆಂಗಳೂರಿನ ಲ್ಯಾಬಿಗೆ ಒಯ್ದಿದ್ದೆ. ವಾಪಸು ಬಂದವನು ಕೊಟ್ಟಿಗೆಯ ಹೊರಗೇ ನಿಂತೆ. ಜ್ವರದ ಹಸುವನ್ನು ಅಜ್ಜ ಬೇರೆ ಕಡೆ ಕಟ್ಟಿದ್ದ; ಒಳಗೆ ಜ್ವರ ತಗಲದ ಎರಡು ಎತ್ತುಗಳಿದ್ದವು.

"ಯಾಕ್ ಡಾಕ್ಟ್ರೇ, ಅಲ್ಲೇ ನಿಂತ್ಬುಟ್ರಿ?"

"ಆ ಲ್ಯಾಬಿನ ಒಳಗೆ ಹೋದವರು ಒಂದು ವಾರ ದನದ ಹತ್ತಿರ ಸುಳಿಯೋ ಹಾಗಿಲ್ಲ, ಅಜ್ಜ. ಉಟ್ಟ ಬಟ್ಟೆ ಅಲ್ಲೇ ಬಿಟ್ಟು, ತಲೆಗೆ ನೀರು ಹುಯ್ಕೊಂಡೇ ಈಚೆ ಬರಬೇಕು."

ಅಜ್ಜ ನನ್ನನ್ನೇ ದಿಟ್ಟಿಸಿದ. "ಗುಡಿಗೆ ಹೋಗುವಾಗ ಮೀಯ್ತೀವಿ. ಬಂದ್ಮೇಲೆ ಮೀಯೋದು ಸುಡುಗಾಡಿಂದ. ಅಲ್ಲಿ ಸತ್ತೋರು ಯಾರು ಸ್ವಾಮಿ?"

"ಯಾರೂ ಸತ್ತಿಲ್ಲ. ಲಸಿಕೆ ಮಾಡೋಕೆ ಅಂತ ಅಲ್ಲಿ ರೋಗಾನ ಸಾಯದ ಹಾಗೆ ಸಾಕ್ತಾರೆ."

ಅಜ್ಜ ಕೊಟ್ಟಿಗೆಯ ತಡಿಕೆ ಬಾಗಿಲನ್ನು ನನ್ನೆದುರೇ ಎಳೆದುಕೊಂಡ. ಲ್ಯಾಬಿನ ನಿಯಮ ನನಗಿಂತ ಚೆನ್ನಾಗಿ ಅವನಿಗೇ ಅರ್ಥವಾಗಿತ್ತು.