ಸೊಳ್ಳೆಗಳಿಗೆ ಗಂಡು ಹುಡುಕಿದ ಕಸ್ತೋರಿ

ಕಿಲೊಂಬೆರೊ ಹೊಳೆಯ ಈಚೆ ದಡದ ಲುಕಂದೆಯಲ್ಲಿ ಮದುವೆಯ ಮಾತು ಎತ್ತಬೇಕಾದರೆ ಮೊದಲು ಕಸ್ತೋರಿ ಲಿಕ್ವೆಂಬೆಯ ಮನೆಗೆ ಹೋಗಬೇಕು. ಗಂಡಿನ ಕಡೆಯವರು ತಾವೇ ಹೋಗಿ ಹೆಣ್ಣು ಕೇಳುವ ರೂಢಿ ನಮ್ಮಲ್ಲಿಲ್ಲ. ನಡುವೆ ಮಾತಾಡಲು ಒಬ್ಬ ಮ್ಶೆಂಗಾ ಬೇಕು. ಅವನು ಒಗೆದ ಅಂಗಿ ತೊಟ್ಟು, ಟೋಪಿ ಕೈಯಲ್ಲಿ ಹಿಡಿದು ಹೆಣ್ಣಿನ ಮನೆಗೆ ಹೋಗಿ, "ನಿಮ್ಮ ಅಂಗಳದಲ್ಲಿ ಒಂದು ಚಂದದ ಹೇಂಟೆ ಓಡಾಡ್ತಿತ್ತು, ನೋಡ್ಕೊಂಡು ಹೋಗೋಣ ಅಂತ ಬಂದೆ" ಎಂದು ಶುರು ಮಾಡಬೇಕು. ಹೆಣ್ಣಿನ ತಂದೆ "ನಮ್ಮನೇಲಿ ಕೋಳೀನೇ ಸಾಕಿಲ್ಲ" ಎಂದು ಮುಖ ತಿರುಗಿಸಬೇಕು. ಹೀಗೆ ಎರಡು ಮೂರು ಸಂಜೆ ಕಳೆದ ಮೇಲೆ ಇಲ್ಲದ ಕೋಳಿ ಇದೆ ಎಂದಾಗುತ್ತದೆ. ಕಸ್ತೋರಿ ಹೀಗೆ ಮೂವತ್ತೊಂದು ಮದುವೆ ಕುದುರಿಸಿದ್ದ. ಅದರಲ್ಲಿ ಎರಡು ಮುರಿದು ಬಿದ್ದಿವೆ. ಆ ಎರಡರ ಸುದ್ದಿ ಎತ್ತಿದರೆ ಮಾತ್ರ ಅವನಿಗೆ ಕಿವಿ ಕೇಳಿಸುವುದಿಲ್ಲ.

ಅಂಥ ಮನುಷ್ಯ ಅರುವತ್ತೆರಡನೆಯ ವಯಸ್ಸಿನಲ್ಲಿ ಸೊಳ್ಳೆ ಸಾಕುವ ಕೆಲಸಕ್ಕೆ ಸೇರಿಕೊಂಡಾಗ ಊರು ಬಿದ್ದು ಬಿದ್ದು ನಕ್ಕಿತು. ಊರಾಚೆ, ಭತ್ತದ ಗದ್ದೆಗಳು ಮುಗಿಯುವಲ್ಲಿ, ಸೊಳ್ಳೆಗಳ ಮೇಲೆ ಸಂಶೋಧನೆ ಮಾಡುವ ಕೇಂದ್ರವಿದೆ. ಕಸ್ತೋರಿ ಅಲ್ಲಿಗೆ ಕಸ ಗುಡಿಸಲು ಹೋದವನು. ಆದರೆ ಬಾಯಲ್ಲಿ ಕೊಳವೆ ಕಚ್ಚಿ, ಗೋಡೆಯ ಮೇಲೆ ಕೂತ ಸೊಳ್ಳೆಯನ್ನು ಒಂದು ಕಾಲೂ ಮುರಿಯದಂತೆ ಒಳಗೆ ಹೀರಿ, ಪಂಜರಕ್ಕೆ ಊದಿ ಬಿಡುವ ಕೆಲಸ ಅವನಿಗೆ ಎಷ್ಟು ಒಗ್ಗಿತೆಂದರೆ, ಆರು ತಿಂಗಳಲ್ಲಿ ಪೊರಕೆ ಬೇರೆಯವರ ಪಾಲಾಯಿತು. ಹೆಣ್ಣು ಸೊಳ್ಳೆ ರಕ್ತ ಕುಡಿಯದೆ ಮೊಟ್ಟೆ ಇಡುವುದಿಲ್ಲ. ಪಂಜರದಲ್ಲೇ ಹುಟ್ಟಿದ, ರೋಗದ ಸೋಂಕಿಲ್ಲದ ಸೊಳ್ಳೆಗಳಿಗೆ ಕಸ್ತೋರಿ ತನ್ನ ಎಡಗೈಯನ್ನೇ ಒಡ್ಡುತ್ತಿದ್ದ. ಎಡಗೈ ಪಂಜರದೊಳಗೆ, ಬಲಗೈಯಲ್ಲಿ ಚಹಾ ಲೋಟ. ಹತ್ತು ನಿಮಿಷದಲ್ಲಿ ಇಬ್ಬರದೂ ಮುಗಿಯುತ್ತಿತ್ತು.

"ಲೋಕವೆಲ್ಲ ಸೊಳ್ಳೆ ಹೊಡೀತದೆ, ನಮ್ಮನೆಯೋರು ಬಡಿಸಿ ಬರ್ತಾರೆ" ಎಂದು ಅವನ ಹೆಂಡತಿ ಲಿಯೊಕಾದಿಯಾ ಕೊಳಾಯಿಯ ಹತ್ತಿರ ಹೆಂಗಸರನ್ನೆಲ್ಲ ನಗಿಸುತ್ತಿದ್ದಳು. "ಸೌದೆ ಒಡೀರಿ ಅಂದ್ರೆ ಕೈ ನೋವು. ಅಲ್ಲಿ ಹೋಗಿ ಅದೇ ಕೈನ ತಟ್ಟೆ ಮಾಡ್ಕೊಂಡು ಕೂರ್ತಾರೆ!"

ಬಾಯಲ್ಲಿ ಹೀಗೆ ಅಂದರೂ ಅವನು ಆ ಕೆಲಸಕ್ಕೆ ಏಕೆ ಅಂಟಿಕೊಂಡಿದ್ದಾನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅವರ ಮೊದಲ ಮಗಳು ಸ್ಕೊಲಾ ಆರು ವರ್ಷದವಳಿದ್ದಾಗ ಮಲೇರಿಯಾ ಜ್ವರ ಬಂದು ಮೂರೇ ದಿನದಲ್ಲಿ ತೀರಿಕೊಂಡಿದ್ದಳು. ಅದಾಗಿ ಇಪ್ಪತ್ತಾರು ವರ್ಷವಾಯಿತು. ಆದರೆ ಚೊಚ್ಚಲ ಮಗುವಿನ ಹೆಸರು ಹಿಡಿದು ತಂದೆತಾಯಿಯನ್ನು ಕರೆಯುವುದು ನಮ್ಮ ಕಡೆಯ ಪದ್ಧತಿ. ಆಮೇಲೆ ಹುಟ್ಟಿದ ಗಂಡುಮಕ್ಕಳು ಮೀಸೆ ಹೊತ್ತು ಓಡಾಡುತ್ತಿದ್ದರೂ ಊರಿಗೆ ಅವನು ಇಂದಿಗೂ ಸ್ಕೊಲಾನ ಅಪ್ಪ, ಅವಳು ಸ್ಕೊಲಾನ ಅಮ್ಮ. ದಿನಕ್ಕೆ ಹತ್ತು ಸಲ ಆ ಹೆಸರು ಕಿವಿಗೆ ಬೀಳುತ್ತದೆ. ಹತ್ತು ಸಲವೂ ಕಸ್ತೋರಿಯ ಎದೆ ಒಂದಿಷ್ಟು ನೋಯುತ್ತದೆ. ಯಾರೂ ಹಾಗೆ ಕರೆಯದಿದ್ದರೆ ಇನ್ನೂ ಹೆಚ್ಚು ನೋಯುತ್ತಿತ್ತು.

ಕೇಂದ್ರದಲ್ಲಿ ಅವನ ಮೇಲಿನವಳು ಡಾಕ್ಟರ್ ಐಕಾಂದೆ. ಕಿಲಿಮಂಜಾರೊ ಕಡೆಯ ಹುಡುಗಿ, ಮೂವತ್ತನಾಲ್ಕರ ವಯಸ್ಸು, ಮಾತು ಭಾರಿ ಜೋರು. ಕಸ್ತೋರಿಯನ್ನು ಅವಳು ಬಾಬು ಎಂದು, ಅಂದರೆ ಅಜ್ಜ ಎಂದು ಕರೆಯುತ್ತಿದ್ದಳು. ಅವಳ ತಲೆ ತಿನ್ನುತ್ತಿದ್ದದ್ದು ಒಂದು ಸಣ್ಣ ಕರಿ ಸೊಳ್ಳೆ. ಮನೆಯೊಳಗೇ ಸೇರಿಕೊಂಡು ಮನುಷ್ಯರನ್ನೇ ಕಚ್ಚುವ ಈ ಸೊಳ್ಳೆ ಹಳೆಯ ಸೊಳ್ಳೆಪರದೆಗಳ ಔಷಧಿಗೆ ಈಗ ಜಗ್ಗುತ್ತಿರಲಿಲ್ಲ. ಹೊಸ ಔಷಧಿ ಹಚ್ಚಿದ ಪರದೆ ಬಂದಿದೆ. ಅದು ಈ ಕರಿ ಸೊಳ್ಳೆಯನ್ನು ಕೊಲ್ಲುತ್ತದೋ ಇಲ್ಲವೋ ನೋಡಿಯೇ ಹಳ್ಳಿಗಳಿಗೆ ಹಂಚಬೇಕು. ನೋಡಲು ಒಂದೇ ವಯಸ್ಸಿನ ನೂರಾರು ಸೊಳ್ಳೆ ಬೇಕು, ಅಂದರೆ ಪಂಜರದಲ್ಲೇ ಅವುಗಳ ಸಂತಾನ ಬೆಳೆಯಬೇಕು. ಕರಿ ಸೊಳ್ಳೆ ಪಂಜರದಲ್ಲಿ ತಿನ್ನುತ್ತದೆ, ಕುಡಿಯುತ್ತದೆ, ನಿದ್ದೆ ಮಾಡುತ್ತದೆ. ಜೋಡಿಯಾಗುವುದು ಮಾತ್ರ ಇಲ್ಲ. ಹಳ್ಳಿಯಲ್ಲಿ ಹಿಡಿದು ತಂದ ತಾಯಂದಿರೇನೋ ಮೊಟ್ಟೆ ಇಡುತ್ತವೆ, ಆದರೆ ಪಂಜರದಲ್ಲಿ ಹುಟ್ಟಿದ ಅವುಗಳ ಮಕ್ಕಳಿಂದ ಎಂಟು ತಿಂಗಳಾದರೂ ಒಂದು ಮೊಟ್ಟೆಯಿಲ್ಲ. ಜುಲೈ ಏಳರ ಸಬಾಸಬಾ ಹಬ್ಬದೊಳಗೆ ಮೊಟ್ಟೆ ಕಾಣದಿದ್ದರೆ ಆ ಕೋಣೆಯನ್ನೇ ಮುಚ್ಚಿಬಿಡಿ ಎಂದು ಮೇಲಿನಿಂದ ಕಾಗದ ಬಂತು.

"ಬಾಬು, ಇವಕ್ಕೆ ಏನು ಧಾಡಿ?" ಐಕಾಂದೆ ಪಂಜರದ ಮುಂದೆ ತಲೆ ಮೇಲೆ ಕೈ ಹೊತ್ತು ಕೂತಳು.

"ಧಾಡಿ ಅಲ್ಲ ಡಾಕ್ಟರಮ್ಮ, ಮಾನ ಮರ್ಯಾದೆ" ಎಂದ ಕಸ್ತೋರಿ. "ಇವರ ತಾಯಂದಿರನ್ನೆಲ್ಲ ಹಿಡಿದದ್ದು ಲುಕಂದೆಯ ನಾಲ್ಕೇ ಮನೆಯಲ್ಲಿ. ಒಳಗಿರೋರೆಲ್ಲ ಅಣ್ಣ ತಂಗೀರು. ನಾನು ಇಂಥ ಸಂಬಂಧ ತಂದಿದ್ರೆ ನನ್ನ ಊರು ಬಿಡಿಸ್ತಿದ್ರು. ಹೊಳೆ ಆಚೆ ನ್ಯಾಂಗಾದಿಂದ ಗಂಡು ತರಬೇಕು."

"ಸೊಳ್ಳೆಗೆ ಕುಲ ಗಿಲ ಇಲ್ಲ ಬಾಬು! ನೋಡಿ, ಈ ಪಂಜರಕ್ಕೆ ಬೇರೆ ಊರಿನ ಒಂದು ಸೊಳ್ಳೆ ಬಿದ್ರೂ ಎಲ್ಲ ಹಾಳು. ಔಷಧಿ ತಡೆಯೋ ಶಕ್ತಿ ಒಂದೊಂದು ಊರಿನ ಸೊಳ್ಳೆಗೆ ಒಂದೊಂದು ಥರ. ಬೆರೆಸಿದ್ರೆ ನಾಳೆ ಪರದೆ ಯಾವುದನ್ನ ಕೊಂದಿತು ಅಂತ ಹೇಗೆ ಹೇಳೋದು?"

ಕಸ್ತೋರಿ ಹೂಂ ಎಂದ. ಆದರೆ ಮೂವತ್ತೊಂದು ಮದುವೆ ಮಾಡಿಸಿದವನಿಗೆ, ಒಂದೂ ಮದುವೆಯಾಗದ ಹುಡುಗಿ ಸಂಬಂಧದ ವಿಷಯ ಹೇಳಿಕೊಡುವುದು ಅಷ್ಟೇನೂ ರುಚಿಸಲಿಲ್ಲ.

ಮರುವಾರದ ಶನಿವಾರ ಅವನು ತಂಗಿಯನ್ನು ನೋಡಿ ಬರುತ್ತೇನೆಂದು ದೋಣಿ ಹತ್ತಿ ನ್ಯಾಂಗಾಕ್ಕೆ ಹೋದ. ಅಲ್ಲಿ ಹೊತ್ತು ಮುಳುಗುವ ವೇಳೆಗೆ, ತಂಗಿಯ ಮನೆಯ ಹಿಂದಿನ ಬಯಲಲ್ಲಿ ಗಂಡು ಸೊಳ್ಳೆಗಳು ಗುಂಪುಗಟ್ಟಿ ಕುಣಿಯುತ್ತಿದ್ದುದನ್ನು ಬಲೆ ಬೀಸಿ ಹಿಡಿದ. ಮೈಬಣ್ಣ ನೋಡಿ, ಕಾಲು ನೋಡಿ, ಸರಿಯಾದ ಕರಿ ಸೊಳ್ಳೆಗಳನ್ನೇ ಇಪ್ಪತ್ತಮೂರು ಆರಿಸಿದ. ಕಾಗದದ ಲೋಟಕ್ಕೆ ಹಾಕಿ ಅದರ ಬಾಯಿಗೆ ಪರದೆ ಬಟ್ಟೆ ಕಟ್ಟಿ ಭಾನುವಾರ ಮಧ್ಯಾಹ್ನ ಮರಳಿದ. ದೋಣಿಯಲ್ಲಿ ಪಕ್ಕದವನು ಲೋಟದಲ್ಲೇನು ಎಂದು ಕೇಳಿದ್ದಕ್ಕೆ "ಅಳಿಯಂದ್ರು" ಎಂದ.

ಭಾನುವಾರ ಕೇಂದ್ರದಲ್ಲಿ ಯಾರೂ ಇರುವುದಿಲ್ಲ. ಸೊಳ್ಳೆಗಳಿಗೆ ಸಕ್ಕರೆ ನೀರಿಡುವ ಸರದಿ ಅವನದೇ ಇತ್ತು. ಒಳಗೆ ಹೆಚ್ಚು ಹೊತ್ತು ಇದ್ದರೆ ಬಾಗಿಲ ಕಾವಲುಗಾರನಿಗೆ ಅನುಮಾನ ಬರಬಹುದೆಂದು ಪಂಜರವನ್ನೇ ಎತ್ತಿಕೊಂಡು ಹಿಂದಿನ ಜಗುಲಿಗೆ ಹೋದ. ಹೊಸ ಗಂಡುಗಳನ್ನು ಒಂದೊಂದಾಗಿ ಒಳಗೆ ಊದಿ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತ. ಗದ್ದೆಗಳ ಮೇಲೆ ಬಿಸಿಲು ಇಳಿಯಿತು, ಬಾನು ಕೆಂಪಾಯಿತು, ಆಮೇಲೆ ಬೂದು ಬಣ್ಣಕ್ಕೆ ತಿರುಗಿತು. ಆಗ ಪಂಜರದ ಗಂಡುಗಳು ಮೇಲೆದ್ದು ಗುಂಪಾಗಿ ಕುಣಿಯತೊಡಗಿದವು. ಒಂದು ಹೆಣ್ಣು ಆ ಗುಂಪಿನೊಳಗೆ ನುಗ್ಗಿತು, ಜೋಡಿಯಾಗಿ ಕೆಳಗಿಳಿಯಿತು. ಇನ್ನೊಂದು, ಮತ್ತೊಂದು. ಕಸ್ತೋರಿ ಕೈಯಿಂದ ಬಾಯಿ ಮುಚ್ಚಿಕೊಂಡು ಒಬ್ಬನೇ ನಕ್ಕ.

ಸೋಮವಾರ ಕೈಯೊಡ್ಡಿದ. ಗುರುವಾರ ಬಟ್ಟಲಿನ ನೀರಿನಲ್ಲಿ ನಲವತ್ತೊಂದು ಮೊಟ್ಟೆ! ಐಕಾಂದೆ ಕೋಣೆಯ ತುಂಬ ಕುಣಿದಳು. ಅವನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದಳು. ದಾಖಲೆ ಪುಸ್ತಕ ತೆಗೆದು, ಹೆಣ್ಣು ಲುಕಂದೆಯದು, ಗಂಡು ಲುಕಂದೆಯದು ಎಂದು ದಪ್ಪ ಅಕ್ಷರದಲ್ಲಿ ಬರೆದಳು. ಕಸ್ತೋರಿ ಆ ಅಕ್ಷರಗಳನ್ನು ನೋಡಿದ. ಅಲ್ಲಿಯವರೆಗೆ ಇದ್ದ ನಗು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ.

ಸಂಜೆ ಮನೆಯಲ್ಲಿ ಅನ್ನ, ಹುರಿದ ಪೆರೆಗೆ ಮೀನು ಮುಂದಿಟ್ಟುಕೊಂಡು ಬೆರಳಲ್ಲಿ ಕೆದಕುತ್ತ ಕೂತಿದ್ದ.

"ಮುಳ್ಳು ಮೀನಲ್ಲಿದ್ಯೋ ಗಂಟಲಲ್ಲಿದ್ಯೋ?" ಲಿಯೊಕಾದಿಯಾ ಕೇಳಿದಳು.

ಎಲ್ಲವನ್ನೂ ಹೇಳಿದ. ಅವಳು ನಗುತ್ತಾಳೆ ಎಂದುಕೊಂಡಿದ್ದ, ಅವಳು ನಗಲಿಲ್ಲ.

"ನ್ಯಾಂಗಾದ ಗಂಡನ್ನ ಲುಕಂದೆಯೋನು ಅಂತ ಹೇಳಿ ಮದುವೆ ಮಾಡ್ಸಿದೀರಾ? ಸ್ಕೊಲಾನ ಅಪ್ಪ, ಗಂಡಿನ ಊರು ಮುಚ್ಚಿಡೋ ಮ್ಶೆಂಗಾನ ಯಾರಾದ್ರೂ ಅಂಗಳಕ್ಕೆ ಸೇರಿಸ್ತಾರಾ?"

"ನಾನು ಸುಳ್ಳು ಹೇಳ್ಲಿಲ್ಲ ಕಣೇ. ಅವಳೇ ಬರ್ಕೊಂಡ್ಳು."

"ಬರೀವಾಗ ನಿಮ್ಮ ಬಾಯಿಗೇನು ಹೊಲಿಗೆ ಹಾಕಿದ್ರಾ?"

"ಹೇಳಿದ್ರೆ ಮೊಟ್ಟೆ ಚೆಲ್ತಾಳೆ. ಹಬ್ಬಕ್ಕೆ ಇನ್ನು ಹತ್ತೇ ದಿನ. ಕೋಣೆ ಮುಚ್ತಾರೆ. ಆ ಪರದೆ ಕೊಲ್ಲುತ್ತೋ ಇಲ್ವೋ ಅಂತ ಯಾರಿಗೂ ಗೊತ್ತಾಗಲ್ಲ."

"ಹೇಳದೇ ಇದ್ರೆ ಗೊತ್ತಾಗುತ್ತಾ?" ಅವಳ ದನಿ ತಗ್ಗಿತು. "ಸುಳ್ಳು ಲೆಕ್ಕ ನಂಬಿ ಒಂದು ಪರದೆ ಕೊಡ್ತಾರೆ. ಯಾವಳೋ ತಾಯಿ ಅದರೊಳಗೆ ಮಗು ಮಲಗಿಸಿ ನಿಶ್ಚಿಂತೆಯಾಗಿ ನಿದ್ದೆ ಹೋಗ್ತಾಳೆ."

ಕಸ್ತೋರಿ ತಟ್ಟೆ ಸರಿಸಿ ಎದ್ದ.

ಬೆಳಿಗ್ಗೆ ಒಗೆದ ಅಂಗಿ ತೊಟ್ಟು, ಟೋಪಿ ಕೈಯಲ್ಲಿ ಹಿಡಿದು ಐಕಾಂದೆಯ ಮುಂದೆ ನಿಂತ. ಹೇಂಟೆ ಕೋಳಿಯ ಪೀಠಿಕೆ ಹಾಕಲಿಲ್ಲ. "ಗಂಡು ನ್ಯಾಂಗಾದವು. ನಾನೇ ತಂದು ಹಾಕಿದ್ದು" ಎಂದುಬಿಟ್ಟ.

ಐಕಾಂದೆಯ ಮುಖದ ಬಣ್ಣವೇ ಹೋಯಿತು. ಸದಾ ಬಡಬಡಿಸುವ ಹುಡುಗಿ ದಾಖಲೆ ಪುಸ್ತಕ ಎಳೆದುಕೊಂಡು ತಾನು ಬರೆದ ದಪ್ಪ ಅಕ್ಷರಗಳ ಮೇಲೆ ಅಡ್ಡಗೆರೆ ಹೊಡೆದಳು. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು.

"ಮೊಟ್ಟೆ ಎಲ್ಲ ಸುರಿದುಬಿಡಿ. ಆ ಪಂಜರದಲ್ಲಿರೋ ಒಂದನ್ನೂ ಉಳಿಸಬೇಡಿ" ಎಂದಳು.

ಕುದಿಯುವ ನೀರನ್ನು ಬಟ್ಟಲಿಗೆ ಅವನೇ ಹೊಯ್ದ. ನಲವತ್ತೊಂದೂ ಹೋದವು. ಕಣ್ಣಲ್ಲಿ ನೀರು ಬಂದದ್ದು ಬಿಸಿ ಆವಿಗೆ ಎಂದು ಹೇಳಬಹುದಿತ್ತು, ಆದರೆ ಯಾರೂ ಕೇಳಲಿಲ್ಲ. ಟೋಪಿ ಎತ್ತಿಕೊಂಡು ಹೊರಟವನನ್ನು ಅವಳೇ ತಡೆದಳು.

"ಎಲ್ಲಿಗೆ? ಕೂತ್ಕೊಳ್ಳಿ. ಏನೇನು ಮಾಡಿದ್ರಿ, ಒಂದೂ ಬಿಡದೆ ಹೇಳಿ."

ಕಸ್ತೋರಿ ಒಂದನ್ನೂ ಬಿಡಲಿಲ್ಲ. ದೋಣಿ ಸೋರುತ್ತಿದ್ದದ್ದು, ತಂಗಿ ಕೊಟ್ಟ ಬಾಳೆಹಣ್ಣು, ಅವಳ ಗಂಡನ ಮಂಡಿನೋವು, ಎಲ್ಲ ಬಂತು. ಐಕಾಂದೆ ಹಲ್ಲು ಕಚ್ಚಿ ಕೇಳಿದಳು. ಪಂಜರವನ್ನು ಜಗುಲಿಗೆ ಒಯ್ದ ಮಾತು ಬಂದಾಗ ಮಾತ್ರ ಪೆನ್ನು ಕೆಳಗಿಟ್ಟಳು.

"ಜಗುಲಿಗಾ? ಎಷ್ಟು ಹೊತ್ತಿಗೆ?"

"ಬಿಸಿಲು ಇಳಿಯೋಕೆ ಮುಂಚೆ. ಪೂರ್ತಿ ಕತ್ತಲಾಗೋ ತನಕ ಅಲ್ಲೇ ಇದ್ದೆ."

"ಕುಣಿದ ಗಂಡು ಎಷ್ಟು?"

ಕಸ್ತೋರಿ ಯೋಚಿಸಿದ. "ಐವತ್ತರ ಮೇಲೇ ಇದ್ವು."

"ನೀವು ತಂದದ್ದು ಇಪ್ಪತ್ತಮೂರು." ಐಕಾಂದೆ ಎದ್ದು ನಿಂತಳು. "ಹಾಗಾದ್ರೆ ನಮ್ಮ ಲುಕಂದೆ ಗಂಡುಗಳೂ ಕುಣಿದಿವೆ! ಬಾಬು, ಇಲ್ಲಿ ನಾವು ಆರು ಗಂಟೆಗೆ ಟಪ್ ಅಂತ ದೀಪ ಆರಿಸ್ತೀವಿ. ಬೆಳಕಿತ್ತು, ಕತ್ತಲಾಯ್ತು. ಇವಕ್ಕೆ ಸಂಜೆ ಅನ್ನೋದೇ ಗೊತ್ತಿಲ್ಲ. ಎಂಟು ತಿಂಗಳಿಂದ ಒಂದು ಸಂಜೆಯನ್ನೂ ತೋರಿಸಿಲ್ಲ ನಾನು!"

"ಅಂದ್ರೆ ಅಣ್ಣ ತಂಗಿ ಅನ್ನೋ ತಕರಾರು..."

"ಅವಕ್ಕೆ ಇಲ್ಲ. ನಿಮಗೆ ಮಾತ್ರ."

ಮರುದಿನ ಸಂಜೆ, ಬೇರೆ ಪಂಜರದಲ್ಲಿ ಹುಟ್ಟಿ ಬೆಳೆದಿದ್ದ, ನ್ಯಾಂಗಾದ ಗಂಡು ಸೋಕದ ಲುಕಂದೆಯ ಸೊಳ್ಳೆಗಳನ್ನಷ್ಟೇ ಇನ್ನೊಂದು ಪಂಜರಕ್ಕೆ ತುಂಬಿ ಜಗುಲಿಗೆ ತಂದರು. ಇಬ್ಬರೂ ನೆಲದ ಮೇಲೆ ಕೂತರು. ಐಕಾಂದೆ ಉಗುರು ಕಚ್ಚುತ್ತಿದ್ದಳು. "ಹೆಣ್ಣಿನ ಮನೇಲಿ ಹೀಗೆಲ್ಲ ಅವಸರ ತೋರಿಸಬಾರ್ದು" ಎಂದು ಕಸ್ತೋರಿ ಮೆಲ್ಲಗೆ ಗದರಿದ. ಬಾನು ಕೆಂಪಾಗಿ ಬೂದುಬಣ್ಣಕ್ಕೆ ತಿರುಗಿದಾಗ ಮೊದಲು ಎರಡು, ಆಮೇಲೆ ಹತ್ತು, ಆಮೇಲೆ ಲೆಕ್ಕಕ್ಕೆ ಸಿಗದಷ್ಟು ಗಂಡುಗಳು ಎದ್ದವು. ಐಕಾಂದೆ ಅವನ ತೋಳನ್ನು ಹಿಡಿದ ಹಿಡಿತಕ್ಕೆ ಉಗುರಿನ ಗುರುತು ಮೂಡಿತು.

ಮರುದಿನ ಅದೇ ತೋಳನ್ನು ಸೊಳ್ಳೆಗಳಿಗೆ ಒಡ್ಡಿದ. ಬುಧವಾರ ಎಪ್ಪತ್ತಮೂರು ಮೊಟ್ಟೆ ಬಿದ್ದವು. ಈ ಸಲ ಐಕಾಂದೆ ಕುಣಿಯಲಿಲ್ಲ, ಮೊಟ್ಟೆ ಒಡೆಯಲಿ ಎಂದಳು. ಎರಡು ದಿನ ಇಬ್ಬರಿಗೂ ಊಟ ಸೇರಲಿಲ್ಲ. ಶುಕ್ರವಾರ ಬೆಳಿಗ್ಗೆ ಬಟ್ಟಲಿನ ನೀರಿನಲ್ಲಿ ಸಣ್ಣ ಗೀರುಗಳು ಪಟಪಟನೆ ಮಿಡಿದವು. ಮೂರು ಸಲ ಎಣಿಸಿದರು. ಅರುವತ್ತೆಂಟು ಮರಿ. ಐಕಾಂದೆ ದಾಖಲೆ ಪುಸ್ತಕವನ್ನೂ ಪೆನ್ನನ್ನೂ ಅವನ ಮುಂದೆ ತಳ್ಳಿ, ನೀವೇ ಬರೆಯಿರಿ ಎಂದು ಹೇಳಿ ಗೋಡೆಗೆ ಮುಖ ಮಾಡಿ ಅತ್ತಳು.

ಕಸ್ತೋರಿ ಮಧ್ಯಾಹ್ನ ಮನೆಗೆ ಓಡೋಡಿ ಬಂದ. ಲಿಯೊಕಾದಿಯಾ ಅಂಗಳದ ಚಾಪೆಯ ಮೇಲೆ ಭತ್ತ ಹರವುತ್ತಿದ್ದಳು. ಅವನ ಮುಖ ನೋಡಿ ಕೈ ನಿಲ್ಲಿಸಿದಳು.

"ಅರುವತ್ತೆಂಟು" ಎಂದ ಅವನು. "ಎಲ್ಲ ಲುಕಂದೆಯವೇ. ಅಪ್ಪಟ."

ಅವಳು ಸೊಂಟಕ್ಕೆ ಕಾಂಗಾ ಬಟ್ಟೆ ಬಿಗಿದು ಕಟ್ಟಿ, ತಲೆಯೆತ್ತಿ, ನಾಲಗೆಯನ್ನು ಸರಸರ ಆಡಿಸುತ್ತ ಕೂಗು ಹಾಕಿದಳು. ಕೂಸು ಹುಟ್ಟಿದಾಗ ನಮ್ಮ ಹೆಂಗಸರು ಹಾಕುವ ಹರ್ಷದ ಕೂಗು ಅದು. ಆ ಅಂಗಳದಲ್ಲಿ ಎಷ್ಟೋ ವರ್ಷಗಳಿಂದ ಕೇಳಿರಲಿಲ್ಲ. ಪಕ್ಕದ ಮನೆಯ ಪ್ರಿಸ್ಕಾ ಕೈಯ ಹಿಟ್ಟನ್ನೂ ತೊಳೆಯದೆ, ಮೊಮ್ಮಗುವನ್ನು ಬೆನ್ನಿಗೆ ಕಟ್ಟಿಕೊಂಡೇ ಓಡಿ ಬಂದಳು.

"ಯಾರ ಮನೇಲಿ ಹೆರಿಗೆ?"

"ನಮ್ಮನೇಲೇ. ಅರುವತ್ತೆಂಟು."

ಪ್ರಿಸ್ಕಾ ಒಬ್ಬರಾದ ಮೇಲೊಬ್ಬರ ಮುಖ ನೋಡಿದಳು. "ಸೊಳ್ಳೆನಾ? ಸ್ಕೊಲಾನ ಅಮ್ಮ, ನಿಂಗೂ ಹುಚ್ಚು ಹಿಡೀತಾ! ಸೊಳ್ಳೆ ಹುಟ್ಟಿದ್ದಕ್ಕೆ ಯಾರಾದ್ರೂ ಹೀಗೆ ಕೂಗ್ತಾರಾ? ದೊಡ್ಡವಾದ ಮೇಲೆ ಅವನ್ನ ಏನ್ಮಾಡ್ತೀರಾ?"

"ಹೊಸ ಪರದೆಗೆ ಬಿಡ್ತೀವಿ" ಎಂದಳು ಲಿಯೊಕಾದಿಯಾ. "ಒಂದೂ ಉಳೀಬಾರ್ದಪ್ಪಾ ದೇವ್ರೇ ಅಂತ ಬೇಡ್ಕೊಳ್ತೀವಿ."

ಅವಳು ಮತ್ತೆ ಕೂಗು ಹಾಕಿದಳು. ಪ್ರಿಸ್ಕಾ ಕೈಯ ಹಿಟ್ಟನ್ನು ಬಟ್ಟೆಗೆ ಒರೆಸಿಕೊಂಡಳು. ಆಮೇಲೆ ಬೆನ್ನ ಮೇಲಿನ ಕೂಸನ್ನು ಸರಿಮಾಡಿಕೊಂಡು ತಾನೂ ಕೂಗಿದಳು.