ಕತ್ತಲಮ್ಮನ ಹೆಸರು

ಸಿನಿಮಾ ಸೆಟ್ಟಿನಲ್ಲಿ ಲೈಟಿನವರು ಅವಳಿಗೆ ಇಟ್ಟ ಅಡ್ಡಹೆಸರು ಕತ್ತಲಮ್ಮ. ಬೇರೆ ಕ್ಯಾಮೆರಾಮನ್‌ಗಳು "ಇನ್ನೊಂದು ಲೈಟು ತನ್ನಿ" ಎಂದರೆ ಇವಳು "ಅದನ್ನೂ ಆರಿಸಿ" ಎನ್ನುವವಳು. ಹೊಲಿಗೆ ಯಂತ್ರ ತುಳಿದು ಸಾಕಿದ ಅಕ್ಕ ಒಬ್ಬಳನ್ನು ಬಿಟ್ಟರೆ ಅವಳ ಬೆನ್ನಿಗೆ ನಿಂತವರು ಯಾರೂ ಇರಲಿಲ್ಲ. ಹೆಂಗಸಿಗೆ ಕ್ಯಾಮೆರಾ ಯಾಕೆ ಎಂದು ಮೂಗು ಮುರಿದವರೇ ಆಮೇಲೆ ಅವಳ ಮನೆ ಬಾಗಿಲಲ್ಲಿ ಬಂದು ಕಾದರು. ಪ್ರಶಸ್ತಿಗಳೂ ಬಂದವು. ತಲೆ ನರೆತರೂ ಸ್ವಭಾವ ಮಾತ್ರ ಒಂದಿಷ್ಟೂ ಮೆತ್ತಗಾಗಲಿಲ್ಲ.

ಒಮ್ಮೆ ಕೈ ಸುಟ್ಟುಕೊಂಡಿದ್ದಳು. ಮಬ್ಬು ಬೆಳಕಿನಲ್ಲಿ ತೆಗೆದ ದೃಶ್ಯವೊಂದನ್ನು ಫಿಲ್ಮು ತೊಳೆಯುವ ಲ್ಯಾಬಿನಲ್ಲಿ ಅವಳಿಗೆ ಗೊತ್ತಿಲ್ಲದಂತೆ ಬೆಳ್ಳಗೆ ಮಾಡಿ, ಮದುವೆ ವಿಡಿಯೋದ ಹಾಗೆ ಮಾಡಿಟ್ಟಿದ್ದರು. ಅಂದಿನಿಂದ ಫಿಲ್ಮಿಗೆ ತನಗೆ ಬೇಕಾದಷ್ಟೇ ಬೆಳಕು ಉಣಿಸುತ್ತಿದ್ದಳು, ಹೆಚ್ಚಿಗೆ ಒಂದು ಚೂರೂ ಇಲ್ಲ. ಆಮೇಲೆ ಯಾರು ಎಷ್ಟೇ ತಿಣುಕಿದರೂ ಇಲ್ಲದ ಬೆಳಕನ್ನು ಎಲ್ಲಿಂದ ತಂದಾರು?

ಈ ಸಲ ನಾಯಕ ನಿರ್ಮಾಪಕರ ಅಳಿಯ. ತನ್ನ ತಮ್ಮ ಸತ್ತ ಸುದ್ದಿಯನ್ನು ಅವನು ತಾಯಿಗೆ ಹೇಳುವ ದೃಶ್ಯ. ಅವಳು ನಾಯಕನನ್ನು ಕತ್ತಲಲ್ಲಿ ನಿಲ್ಲಿಸಿ, ತಾಯಿಯ ಕೈಗಳ ಮೇಲೆ ಮಾತ್ರ ಕಿಟಕಿಯ ಬೆಳಕು ಬಿಟ್ಟಳು. ಲ್ಯಾಬಿನಲ್ಲಿ ಅದನ್ನು ನೋಡಿದ ನಿರ್ಮಾಪಕರಿಗೆ ಪಿತ್ತ ನೆತ್ತಿಗೇರಿತು. ಬೆಳಕು ಏರಿಸಿದರೆ ಪರದೆ ತುಂಬ ಕಾಳಿನಂಥ ಬೂದುಬಣ್ಣದ ಚುಕ್ಕೆಗಳೆದ್ದವೇ ಹೊರತು ಅಳಿಯನ ಮೂಗೂ ಕಾಣಲಿಲ್ಲ. ಮತ್ತೆ ತೆಗೆಯೋಣವೆಂದರೆ ಸೆಟ್ಟನ್ನು ಆಗಲೇ ಒಡೆದಾಗಿತ್ತು.

"ನನ್ನ ಅಳಿಯನ ಮುಖ ಎಲ್ರೀ?"

"ತಮ್ಮ ಸತ್ತ ಅಂತ ಅಮ್ಮನಿಗೆ ಹೇಳೋನು ಮುಖ ತೋರಿಸ್ತಾನಾ, ಸರ್?"

"ಹಾಗಾದ್ರೆ ಚಿತ್ರದಲ್ಲಿ ನಿಮ್ಮ ಹೆಸರೂ ಇರಲ್ಲ."

"ಅಳಿಸಿಹಾಕಿ. ಕತ್ತಲೆ ಮಾತ್ರ ನಿಮ್ಮ ಕೈಲಿ ಅಳಿಸೋಕಾಗಲ್ಲ."

ಇಷ್ಟು ವರ್ಷ ಮಾಡಿದ ಕೆಲಸದಲ್ಲೆಲ್ಲ ಇದೇ ಒಳ್ಳೆಯದು ಎಂದು ಅವಳಿಗೆ ಗೊತ್ತಿತ್ತು. ಅದರಲ್ಲೇ ತನ್ನ ಹೆಸರು ಇರುವುದಿಲ್ಲ.

ಚಿತ್ರ ಬಿಡುಗಡೆಯಾದಾಗ ತಾನೇ ಟಿಕೆಟ್ ಕೊಂಡು ಅಕ್ಕನನ್ನು ಕರೆದೊಯ್ದಳು. ಆ ದೃಶ್ಯ ಬಂದಾಗ ಕುರುಕಲು ತಿನ್ನುತ್ತಿದ್ದವರ ಬಾಯಿಯೂ ನಿಂತುಹೋಯಿತು. ಕೊನೆಗೆ ಹೆಸರುಗಳು ಉರುಳಿದವು. ಛಾಯಾಗ್ರಹಣ ಎಂಬಲ್ಲಿ, ಅವಳಿಗೆ ಲೆನ್ಸು ಒರೆಸಿಕೊಡುತ್ತಿದ್ದವನ ಹೆಸರು!

"ಸುಳ್ಳು!" ಅಕ್ಕ ಎದ್ದು ನಿಂತು ಕೂಗಿದಳು. "ಇದು ನನ್ನ ತಂಗಿ ತೆಗೆದಿದ್ದು ಕಣ್ರೀ!"

ಬಾಗಿಲತ್ತ ಹೊರಟವರೆಲ್ಲ ತಿರುಗಿ ನೋಡಿದರು. ಅವಳಿಗೆ ನಾಚಿಕೆಯಾಯಿತು. ಅಕ್ಕನನ್ನು ಕೈ ಹಿಡಿದು ಕೂರಿಸಲೆಂದು ಎದ್ದಳು. ಎದ್ದವಳು ಕೂರಿಸಲಿಲ್ಲ.

"ಹೌದು," ಎಂದಳು, ಕೊನೆಯ ಸಾಲಿಗೂ ಕೇಳುವಂತೆ. "ನಾನೇ ತೆಗೆದಿದ್ದು."