ಚಿಕ್ಕಮ್ಮನ ಎಡಗಾಲು

ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲದಲ್ಲಿ ನನಗೆ ಭದ್ರಾವತಿಯ ಒಂದು ಶಾಲೆಯಲ್ಲಿ ಟೀಚರ್ ಕೆಲಸ ಸಿಕ್ಕಿತು. ನಮ್ಮ ಮನೆ ಇದ್ದದ್ದು ಶಿವಮೊಗ್ಗದಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ ಅಂದರೆ ಅಮ್ಮನ ತಂಗಿ, ನನ್ನ ಚಿಕ್ಕಮ್ಮ, ಒಪ್ಪಲಿಲ್ಲ.

"ನ್ಯೂ ಟೌನಲ್ಲಿ ನಾನಿರುವಾಗ ನೀನು ಬಸ್ಸಲ್ಲಿ ನೇತಾಡ್ಕೊಂಡು ಬರೋದೇನು ಮಾರಾಯ್ತಿ? ಸುಮ್ನೆ ಬಟ್ಟೆ ತುಂಬ್ಕೊಂಡು ಬಾ" ಅಂದಳು.

ಚಿಕ್ಕಪ್ಪನಿಗೆ ಕಾರ್ಖಾನೆಯಲ್ಲಿ ಕೆಲಸ. ಸಾಲಾಗಿ ನಿಂತ ಕ್ವಾರ್ಟರ್ಸುಗಳಲ್ಲಿ ಒಂದು ಮನೆ, ಮುಂದೆ ದಾಸವಾಳದ ಬೇಲಿ. ಮಕ್ಕಳಿರಲಿಲ್ಲ. ಆ ಮನೆಯಲ್ಲಿ ಮಾತು ಅಂದರೆ ಚಿಕ್ಕಮ್ಮನದೇ. ಬೇಲಿಯ ಆಚೆಯ ಮನೆಯ ತಮಿಳು ಅಕ್ಕನಿಗೂ ಇವಳಿಗೂ ಬೆಳಗ್ಗೆಯಿಂದ ಸಂಜೆಯವರೆಗೆ ಏನಾದರೊಂದು ಕೊಟ್ಟು ತರುವುದು ನಡೆದೇ ಇರುತ್ತಿತ್ತು. ಅಲ್ಲಿಂದ ಪುಳಿಯೋಗರೆ, ಇಲ್ಲಿಂದ ಅಕ್ಕಿರೊಟ್ಟಿ. ನಮ್ಮ ಮನೆಯ ಅರ್ಧ ಪಾತ್ರೆ ಅವರ ಅಡುಗೆಮನೆಯಲ್ಲಿ, ಅವರದ್ದು ನಮ್ಮಲ್ಲಿ.

ನಾನು ಹೋದ ವರ್ಷವೇ ಹತ್ತಿರದ ಪಾರ್ಕಿನಲ್ಲಿ ಕಲ್ಲಿನ ಟ್ರ್ಯಾಕ್ ಮಾಡಿದರು. ಹೊಳೆಯ ನುಣುಪು ಕಲ್ಲುಗಳನ್ನು ಸಿಮೆಂಟಿನಲ್ಲಿ ಕೂರಿಸಿದ್ದ, ಒಬ್ಬರ ಹಿಂದೆ ಒಬ್ಬರು ನಡೆಯುವಷ್ಟೇ ಅಗಲದ ದಾರಿ. ಮೊದಲು ಸಣ್ಣ ಕಲ್ಲು, ಆಮೇಲೆ ದಪ್ಪ ಕಲ್ಲು, ಆಮೇಲೆ ಅಂಗಾಲಿಗೆ ಗೂಟ ಹೊಡೆದ ಹಾಗೆ ನೆಟ್ಟಗೆ ನಿಲ್ಲಿಸಿದ ಕಲ್ಲು. ಪಕ್ಕದಲ್ಲಿ ಹಿಡಿದುಕೊಳ್ಳಲು ಕಬ್ಬಿಣದ ಪೈಪು. ಶುರುವಿನಲ್ಲೇ ಒಂದು ಬೋರ್ಡು. ಅದರ ಮೇಲೆ ಎರಡು ಅಂಗಾಲುಗಳ ಚಿತ್ರ, ಇಲ್ಲಿ ಹೃದಯ, ಇಲ್ಲಿ ಕಿಡ್ನಿ, ಇಲ್ಲಿ ಹೊಟ್ಟೆ ಎಂದು ಬಣ್ಣದ ಗುರುತುಗಳು. ಬರಿಗಾಲಲ್ಲಿ ನಡೆಯುವಾಗ ಎಲ್ಲಿ ನೋಯುತ್ತದೋ ಆ ಅಂಗದಲ್ಲಿ ತೊಂದರೆ ಇದೆ, ನಡೆಯುತ್ತ ಹೋದರೆ ಸರಿಯಾಗುತ್ತದೆ ಎಂದು ಎಲ್ಲರೂ ಹೇಳಿಕೊಳ್ಳುತ್ತಿದ್ದರು.

ಬೆಳಗ್ಗೆ ಗಂಡಸರನ್ನು ಕೆಲಸಕ್ಕೆ ಕಳಿಸಿದ ಮೇಲೆ ನಮ್ಮ ಸಾಲಿನ ಹೆಂಗಸರು ಗುಂಪಾಗಿ ಹೋಗುತ್ತಿದ್ದರು. ಶಾಲೆಗೆ ಹೊತ್ತಿದ್ದರೆ ನಾನೂ ಹೋಗುತ್ತಿದ್ದೆ. ಚಪ್ಪಲಿಗಳನ್ನು ಬೋರ್ಡಿನ ಕೆಳಗೆ ಬಿಟ್ಟು, ಸೀರೆ ಎತ್ತಿ ಹಿಡಿದು, ಪೈಪಿಗೆ ಜೋತುಬಿದ್ದು, ಅಯ್ಯಯ್ಯೋ, ಅಮ್ಮಾ ಎಂದು ಕೂಗುತ್ತ, ಒಬ್ಬರನ್ನು ನೋಡಿ ಒಬ್ಬರು ನಗುತ್ತ ಒಂದು ಸುತ್ತು ಮುಗಿಸುವುದೇ ದೊಡ್ಡ ಸಂಗತಿ. ನನಗಂತೂ ದಪ್ಪ ಕಲ್ಲಿನ ಮೇಲೆ ಕಣ್ಣಲ್ಲಿ ನೀರು ಬರುತ್ತಿತ್ತು.

ಚಿಕ್ಕಮ್ಮ ಮಾತ್ರ ಪೈಪು ಹಿಡಿಯುತ್ತಿರಲಿಲ್ಲ. ಬಲಗಾಲನ್ನು ಕೊಂಚ ಅಳುಕುತ್ತ ಇಟ್ಟರೂ ಎಡಗಾಲನ್ನು ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಇಟ್ಟ ಹಾಗೆ ಇಡುತ್ತಿದ್ದಳು.

"ಏನಕ್ಕಾ, ನಿಮ್ಮ ಕಾಲೇನು ಫ್ಯಾಕ್ಟರೀಲಿ ಮಾಡಿಸಿದ್ದಾ?" ಎಂದು ತಮಿಳು ಅಕ್ಕ ಕೇಳಿದರು.

"ಬೋರ್ಡ್ ನೋಡ್ರೀ. ನೋವಿಲ್ಲ ಅಂದ್ರೆ ರೋಗ ಇಲ್ಲ. ಹೃದಯ ಇರೋದು ಎಡಗಾಲಲ್ಲೇ" ಎಂದು ಚಿಕ್ಕಮ್ಮ ಬೀಗಿದಳು.

ಅವಳು ಬೀಗಿದ್ದು ನನಗೆ ಚೆನ್ನಾಗಿ ನೆನಪಿದೆ. ಮಕ್ಕಳಾಗಲಿಲ್ಲವೆಂದು ಎಷ್ಟೋ ವರ್ಷ ಡಾಕ್ಟರು, ವ್ರತ, ಪಥ್ಯ ಎಂದು ಅಲೆದವಳು ಅವಳು. ನಿನ್ನ ಮೈಯಲ್ಲಿ ಏನೂ ದೋಷವಿಲ್ಲ ಎಂದು ಯಾರೋ ಹೇಳಿದ್ದು ಅದೇ ಮೊದಲು. ಹೇಳಿದ್ದು ಒಂದು ಬೋರ್ಡಾದರೂ ಸರಿ.

ಮಳೆಗಾಲ ಕಳೆದು ಬಿಸಿಲು ಬಂದಿದ್ದ ಒಂದು ಬೆಳಗ್ಗೆ ಟ್ರ್ಯಾಕಿನಲ್ಲಿ ಅವಳು ಮುಂದೆ ಇದ್ದಳು, ನಾನು ಹಿಂದೆ. ಹಿಂದಿನ ಸಂಜೆ ಯಾರೋ ಅಲ್ಲಿ ಬಾಟಲಿ ಒಡೆದಿದ್ದರು ಅಂತ ಕಾಣುತ್ತದೆ. ನಾನು ತಲೆ ತಗ್ಗಿಸಿಕೊಂಡು ಕಲ್ಲು ನೋಡಿ ಹೆಜ್ಜೆ ಇಡುತ್ತಿದ್ದವಳು ಒಂದು ಬಿಳಿಗಲ್ಲಿನ ಮೇಲೆ ಕೆಂಪು ನೋಡಿದೆ. ಮುಂದಿನದನ್ನು ಬಿಟ್ಟು ಅದರ ಮುಂದಿನ ಕಲ್ಲಿನ ಮೇಲೂ ಕೆಂಪು. ಕುಂಕುಮ ಬಿದ್ದಿದೆಯೇನೋ ಅಂದುಕೊಂಡೆ. ತಲೆ ಎತ್ತಿದರೆ ಚಿಕ್ಕಮ್ಮ ತಮಿಳು ಅಕ್ಕನಿಗೆ ಸೊಪ್ಪಿನ ಪಲ್ಯ ಮಾಡುವುದು ಹೇಗೆಂದು ವಿವರಿಸುತ್ತ ನಡೆಯುತ್ತಿದ್ದಾಳೆ, ಎಡಗಾಲು ಎತ್ತಿದಾಗಲೆಲ್ಲ ರಕ್ತ ತೊಟ್ಟಿಕ್ಕುತ್ತಿದೆ.

"ಚಿಕ್ಕಮ್ಮಾ, ಕಾಲು!" ಎಂದು ಕೂಗಿದೆ.

ಅವಳು ನಿಂತು, ಮೊದಲು ಬಲಗಾಲು ನೋಡಿಕೊಂಡಳು. ಆಮೇಲೆ ಎಡಗಾಲು. ಹಿಮ್ಮಡಿಯ ಹತ್ತಿರ ಗಾಜಿನ ಚೂರು ಒಳಗೇ ಇತ್ತು. "ಅಯ್ಯೋ, ಗೊತ್ತೇ ಆಗ್ಲಿಲ್ಲ ನೋಡು" ಎಂದು ನಕ್ಕಳು. ಬೇರೆ ಯಾರೂ ನಗಲಿಲ್ಲ.

ಗಾಯಕ್ಕೆ ಹೊಲಿಗೆ ಹಾಕಿದ ಡಾಕ್ಟರು, ನೋವು ಗೊತ್ತಾಗದಿರಲು ಇಂಜೆಕ್ಷನ್ ಕೊಡುವ ಮೊದಲು ಗಾಜು ಕೀಳುವಾಗಲೂ ಅವಳು ಸುಮ್ಮನೆ ಕೂತಿದ್ದನ್ನು ಗಮನಿಸಿದರು. ಕಣ್ಣು ಮುಚ್ಚಿಕೊಳ್ಳಿ ಎಂದು ಹೇಳಿ ಹತ್ತಿಯ ಎಳೆಯಿಂದ, ಆಮೇಲೆ ಪೆನ್ನಿನ ತುದಿಯಿಂದ ಅಂಗಾಲು ಮುಟ್ಟಿ, "ಎಲ್ಲಿ ಮುಟ್ಟಿದೆ ಹೇಳಿ" ಎಂದರು.

ಚಿಕ್ಕಮ್ಮ ಕಣ್ಣು ಮುಚ್ಚಿಕೊಂಡೇ, "ಇನ್ನೂ ಮುಟ್ಟಿಲ್ವಲ್ಲ ನೀವು" ಅಂದಳು.

ಅವರು ಸೀರೆಯನ್ನು ಸ್ವಲ್ಪ ಮೇಲೆ ಸರಿಸಲು ಹೇಳಿ ಮೀನಖಂಡದ ಹತ್ತಿರ ಇದ್ದ ಬಿಳಚಿದ ಮಚ್ಚೆ ನೋಡಿದರು. ವರ್ಷಗಳಿಂದ ಇದ್ದ ಮಚ್ಚೆ ಅದು, ಸಾಬೂನಿನ ಅಲರ್ಜಿ ಎಂದು ನಾವೆಲ್ಲ ತಿಳಿದಿದ್ದೆವು. ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ಚರ್ಮದ ಡಾಕ್ಟರು ಚಿಕ್ಕಮ್ಮನ ಜೊತೆ ಚಿಕ್ಕಪ್ಪನನ್ನೂ ನನ್ನನ್ನೂ ಒಳಗೆ ಕರೆದು ಕೂರಿಸಿ ಹೇಳಿದರು. ಕುಷ್ಠ. ಮಾತ್ರೆಗಳಿವೆ, ಪೂರ್ತಿ ವಾಸಿಯಾಗುತ್ತದೆ, ಮಾತ್ರೆ ಶುರುವಾದ ಮೇಲೆ ಇನ್ನೊಬ್ಬರಿಗೆ ಅಂಟುವುದಿಲ್ಲ, ಜೊತೆಯಲ್ಲೇ ಇರಿ, ಜೊತೆಯಲ್ಲೇ ಊಟ ಮಾಡಿ. ಆದರೆ ಸತ್ತ ನರ ಬದುಕುವುದಿಲ್ಲ, ಆ ಕಾಲಿಗೆ ಸ್ಪರ್ಶ ಬರುವುದಿಲ್ಲ. ಇನ್ನು ಮುಂದೆ ಮನೆಯೊಳಗೂ ಬರಿಗಾಲಲ್ಲಿ ನಡೆಯಬಾರದು. ದಿನಾ ಸಂಜೆ ಯಾರಾದರೂ ಅಂಗಾಲು ನೋಡಬೇಕು.

ಚಿಕ್ಕಪ್ಪ ಎಲ್ಲದಕ್ಕೂ ತಲೆಯಾಡಿಸಿದರು. ಬಸ್ಸಿನಲ್ಲಿ ಚಿಕ್ಕಮ್ಮ ಕಿಟಕಿಯ ಪಕ್ಕ ಕೂತಳು. ಅವಳ ಪಕ್ಕದ ಸೀಟು ಖಾಲಿಯಿತ್ತು. ಚಿಕ್ಕಪ್ಪ ಕಂಬಿ ಹಿಡಿದು ಭದ್ರಾವತಿಯವರೆಗೂ ನಿಂತೇ ಬಂದರು. ಆ ಸೀಟಿನಲ್ಲಿ ನಾನು ಕೂತೆ.

ಅವರು ಕೆಟ್ಟ ಮನುಷ್ಯರಲ್ಲ. ಬೈಯಲಿಲ್ಲ, ಮಾತ್ರೆ ತರುವುದನ್ನು ಒಂದು ಸಲವೂ ತಪ್ಪಿಸಲಿಲ್ಲ. ಆದರೆ ಹಾಸಿಗೆಯನ್ನು ಮುಂದಿನ ಕೋಣೆಗೆ ತಂದುಕೊಂಡರು, ಊಟವನ್ನು ಕ್ಯಾಂಟೀನಿನಲ್ಲೇ ಮುಗಿಸಿ ಬರತೊಡಗಿದರು. ಒಂದು ದಿನ ಚಿಕ್ಕಮ್ಮ ಕೇಳಿಯೇಬಿಟ್ಟಳು.

"ಡಾಕ್ಟ್ರು ಹೇಳಿದ್ದು ನೀವೂ ಕೇಳಿದ್ರಲ್ಲ?"

"ಕೇಳಿದೀನಿ ಕಣೇ. ಗೊತ್ತು ನಂಗೆ. ಆದ್ರೂ..." ಎಂದರು.

ಹೊರಗೆ ಯಾರಿಗೂ ಹೇಳಬಾರದೆಂದು ಮಾತಾಗಿತ್ತು. ಆದರೆ ಆರೋಗ್ಯ ಇಲಾಖೆಯವರು ಮನೆಗೆ ಬಂದು ಚಿಕ್ಕಪ್ಪನ ಮತ್ತು ನನ್ನ ಮೈಮೇಲೆ ಮಚ್ಚೆ ಇದೆಯೇ ಎಂದು ನೋಡಿ, ಪಕ್ಕದ ಮನೆಗಳಿಗೂ ಹೋದರು. ಅಷ್ಟು ಸಾಕಾಯಿತು. ಅದರ ಮೇಲೆ ಮಾತ್ರೆಯಿಂದ ಚಿಕ್ಕಮ್ಮನ ಮುಖ ಕಪ್ಪಿಟ್ಟಿತು. ಪಾರ್ಕಿಗೆ ಹೋಗುವ ಹೆಂಗಸರು ನಮ್ಮ ಬಾಗಿಲಲ್ಲಿ ನಿಂತು ಕೂಗುವುದನ್ನು ಬಿಟ್ಟರು. ಟ್ರ್ಯಾಕಿನ ಕಲ್ಲುಗಳನ್ನು ಯಾರೋ ಫಿನೈಲ್ ಹಾಕಿ ತೊಳೆಸಿದರಂತೆ. ಬೇಲಿಯಾಚೆಯ ತಮಿಳು ಅಕ್ಕ ಮಾತು ನಿಲ್ಲಿಸಲಿಲ್ಲ, "ಹೇಗಿದೀರಕ್ಕಾ" ಎಂದು ಕೇಳುತ್ತಲೇ ಇದ್ದರು. ಆದರೆ ಒಂದು ದಿನ ನಮ್ಮ ಪಾತ್ರೆಗಳನ್ನೆಲ್ಲ ತೊಳೆದು, ಚೀಲದಲ್ಲಿ ಹಾಕಿ, ಬೇಲಿಯ ಕಂಬಕ್ಕೆ ತೂಗುಹಾಕಿ ಹೋಗಿದ್ದರು. ಚಿಕ್ಕಮ್ಮ ಚೀಲವನ್ನು ಒಳಗೆ ತಂದು ಒಂದೊಂದೇ ಪಾತ್ರೆ ತೆಗೆದು ಸ್ಟ್ಯಾಂಡಿನಲ್ಲಿ ಜೋಡಿಸಿದಳು.

ಆ ವಾರವೇ ಅವಳು ನನ್ನ ಬಟ್ಟೆಯನ್ನೂ ಮಡಿಸಿ ಬ್ಯಾಗಿಗೆ ತುಂಬಿದಳು.

"ನೀನಿನ್ನು ಶಿವಮೊಗ್ಗದಿಂದ್ಲೇ ಓಡಾಡು."

"ನಾನು ಹೋಗಲ್ಲ ಚಿಕ್ಕಮ್ಮ. ನಂಗೇನೂ ಭಯ ಇಲ್ಲ."

"ನಿಂಗಿಲ್ದೇ ಇರ್ಬಹುದು. ನಾಳೆ ನಿನ್ನ ನೋಡೋಕೆ ಬಂದೋರು ಎಲ್ಲಿದ್ದೆ ಅಂತ ಕೇಳ್ತಾರೆ. ನಿಮ್ಮಮ್ಮ ನಂಗೆ ಏನೂ ಅಂದಿಲ್ಲ, ಆದ್ರೆ ಅವಳಿಗೆ ನಿದ್ದೆ ಬರ್ತಿಲ್ಲ ಅಂತ ನಂಗೆ ಗೊತ್ತು. ಹೋಗು."

ಹೋದೆ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಮಾತ್ರ ಅವಳ ಮನೆಗೆ ಬಂದು ಅವಳ ಜೊತೆ ಕೂತು ಉಣ್ಣುತ್ತಿದ್ದೆ. ನನ್ನ ತಟ್ಟೆಗೆ ಬಡಿಸುವಾಗ ಸೌಟನ್ನು ಎತ್ತರದಲ್ಲಿ ಹಿಡಿಯುವುದನ್ನು ಅವಳು ಯಾವಾಗ ಕಲಿತಳೋ ತಿಳಿಯದು.

ಮಾತ್ರೆಗಳ ಅವಧಿ ಮುಗಿದು ಡಾಕ್ಟರು ವಾಸಿಯಾಗಿದೆ ಎಂದು ಹೇಳಿದ ದಿನ ಅವಳು ಹಿಂದಿನ ಚಿಕ್ಕಮ್ಮನೇ ಆಗಿದ್ದಳು. ಶ್ರಾವಣದ ಶುಕ್ರವಾರ ಅರಿಶಿನ ಕುಂಕುಮಕ್ಕೆ ಬನ್ನಿ ಎಂದು ಸಾಲಿನ ಮನೆಗಳಿಗೆಲ್ಲ ತಾನೇ ಹೋಗಿ ಕರೆದಳು. ಹೋಳಿಗೆ, ಕೋಸಂಬರಿ, ಚಿತ್ರಾನ್ನ. ಅಮ್ಮನೂ ನಾನೂ ಬೆಳಗ್ಗೆಯೇ ಬಂದು ಕೈಜೋಡಿಸಿದೆವು. ಜಮಖಾನೆ ಹಾಸಿ, ದೀಪ ಹಚ್ಚಿ, ತಟ್ಟೆಯಲ್ಲಿ ಎಲೆ ಅಡಿಕೆ, ಬಳೆ, ರವಿಕೆ ಕಣ ಜೋಡಿಸಿಟ್ಟು ಕಾದೆವು. ರಸ್ತೆಯಲ್ಲಿ ಗೇಟಿನ ಸದ್ದಾದಾಗಲೆಲ್ಲ ಚಿಕ್ಕಮ್ಮ ಎದ್ದು ಬಾಗಿಲಿಗೆ ಹೋಗುತ್ತಿದ್ದಳು.

ಕತ್ತಲಾಗುವ ಹೊತ್ತಿಗೆ ತಮಿಳು ಅಕ್ಕ ಒಬ್ಬರೇ ಬಂದರು. ಹೊಸಿಲಿನ ಒಳಗೆ ಕಾಲಿಟ್ಟು ನಿಂತೇ ಕುಂಕುಮ ಇಟ್ಟುಕೊಂಡರು. ಕೂತ್ಕೊಳ್ಳಿ, ಹೋಳಿಗೆ ಬಡಿಸ್ತೀನಿ ಎಂದು ಚಿಕ್ಕಮ್ಮ ಒತ್ತಾಯ ಮಾಡಿದಾಗ ಅವರ ಕಣ್ಣು ತುಂಬಿತು.

"ಇವತ್ತು ಉಪವಾಸ ಅಕ್ಕಾ. ಬೇಜಾರು ಮಾಡ್ಕೋಬೇಡಿ" ಎಂದು ಬೇಗ ಹೊರಟುಹೋದರು.

ನಾವು ಮೂವರೂ ಕೂತು ತಣ್ಣಗಾದ ಹೋಳಿಗೆ ತಿಂದೆವು. ಅಮ್ಮ ತಂಗಿಯ ತಟ್ಟೆಗೆ ಕೈಹಾಕಿ, ಚೂರು ಮುರಿದು, ತುಪ್ಪದಲ್ಲಿ ಅದ್ದಿ ಅವಳ ಬಾಯಿಗಿಟ್ಟಳು. ಆಮೇಲೆ ಅದೇ ಬೆರಳುಗಳಿಂದ ತಾನೂ ತಿಂದಳು. ಚಿಕ್ಕಮ್ಮ ಅಗಿಯುತ್ತಲೇ ಅತ್ತಳು.

ಎರಡು ಸಾವಿರದ ಈಚೆಗೆ ಚಿಕ್ಕಪ್ಪ ಸ್ವಯಂ ನಿವೃತ್ತಿ ತೆಗೆದುಕೊಂಡರು. ಶಿವಮೊಗ್ಗದ ಹತ್ತಿರ ಮಲವಗೊಪ್ಪದಲ್ಲಿ ಸಣ್ಣ ಮನೆ ಮಾಡಿದರು. ಅಲ್ಲಿ ಯಾರಿಗೂ ಏನೂ ಗೊತ್ತಿರಲಿಲ್ಲ. ಚಿಕ್ಕಮ್ಮನಿಗೆ ಮತ್ತೆ ಅಕ್ಕಪಕ್ಕದವರು ಸಿಕ್ಕಿದರು, ಮಾತು ಬಂತು. ಆದರೆ ಮೆತ್ತನೆಯ ಚಪ್ಪಲಿಯನ್ನು ಅವಳು ಬಿಡುವಂತಿರಲಿಲ್ಲ. ದೇವಸ್ಥಾನಕ್ಕೆ ಹೋದರೆ ಮೆಟ್ಟಿಲ ಕೆಳಗೇ ನಿಂತು ಕೈಮುಗಿದು ಬರುತ್ತಿದ್ದಳು. ಅಡುಗೆಮನೆಯಲ್ಲೂ ಚಪ್ಪಲಿ ಹಾಕ್ತಾಳೆ, ದೇವರ ಮುಂದೂ ಬಿಡಲ್ಲ, ಎಷ್ಟು ಜಂಬ ನೋಡಿ ಎಂದು ಅಲ್ಲಿನ ಹೆಂಗಸರು ಆಡಿಕೊಳ್ಳುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. "ಜಂಬ ಅಂದ್ಕೊಳ್ಲಿ ಬಿಡು. ಅದು ವಾಸಿ" ಎಂದಳು ನನಗೆ.

ಮದುವೆಯಾಗಿ ಶಿವಮೊಗ್ಗದಲ್ಲೇ ನೆಲೆಸಿದ್ದ ನಾನು ಒಂದು ಸಂಜೆ ಅಲ್ಲಿಗೆ ಹೋಗಿದ್ದಾಗ ಚಿಕ್ಕಪ್ಪ ಬೆಚ್ಚಗಿನ ನೀರಿನ ಬೋಗುಣಿ ತಂದು ಅವಳ ಕುರ್ಚಿಯ ಮುಂದೆ ಇಟ್ಟರು. ನೆಲದ ಮೇಲೆ ಕೂತು, ಅವಳ ಎಡಗಾಲನ್ನು ತೊಡೆಯ ಮೇಲೆ ಇಟ್ಟುಕೊಂಡು, ಕನ್ನಡಕ ಹಾಕಿ, ಬೆರಳುಗಳ ಸಂದಿಯನ್ನೆಲ್ಲ ನೋಡಿ, ತೊಳೆದು, ಟವೆಲ್ಲಿನಲ್ಲಿ ಒತ್ತಿ, ಕೊಬ್ಬರಿ ಎಣ್ಣೆ ಹಚ್ಚಿದರು. ಮಲವಗೊಪ್ಪಕ್ಕೆ ಬಂದ ಮೇಲೆ ಹೀಗೆ ಶುರುಮಾಡಿದರಂತೆ. ಯಾರೂ ಹೇಳಲಿಲ್ಲವಂತೆ. ನಾನು ನೋಡುತ್ತ ಕೂತೆ. ನನಗೆ ತುಂಬ ಸಂತೋಷವಾಯಿತು.

ಅವರು ನೀರು ಚೆಲ್ಲಲು ಹಿತ್ತಲಿಗೆ ಹೋದಾಗ, "ಚಿಕ್ಕಪ್ಪ ಬದಲಾಗಿದಾರೆ ಅಲ್ವಾ" ಅಂದೆ.

ಚಿಕ್ಕಮ್ಮ ಎಣ್ಣೆಯಿಂದ ಹೊಳೆಯುತ್ತಿದ್ದ ಪಾದವನ್ನೇ ನೋಡುತ್ತ ಸಣ್ಣ ದನಿಯಲ್ಲಿ ಹೇಳಿದಳು. "ಹ್ಞೂಂ. ಎಷ್ಟು ವರ್ಷ ಆದ್ಮೇಲೆ ಮುಟ್ತಿದಾರೆ. ಆದ್ರೆ ಅವರು ಮುಟ್ಟೋದು ಈ ಕಾಲನ್ನ ಮಾತ್ರ ಕಣೇ. ಮುಟ್ಟಿದ್ದೇ ನಂಗೆ ಗೊತ್ತಾಗಲ್ಲ. ಕಣ್ಣು ಬಿಟ್ಕೊಂಡು ನೋಡ್ತಾ ಕೂತಿರ್ತೀನಿ."

ಅದಾದ ಮೇಲೆ ಅವಳು ಹೆಚ್ಚು ಕಾಲ ಇರಲಿಲ್ಲ. ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತ ಕೂತವಳು ಎದೆ ನೋವು ಎಂದಳಂತೆ. ಆಟೋ ಬರುವಷ್ಟರಲ್ಲಿ ಮುಗಿದಿತ್ತು.

ಕಾರ್ಯಗಳೆಲ್ಲ ಮುಗಿದು ನೆಂಟರು ಹೊರಟ ಮೇಲೆ ಚಿಕ್ಕಪ್ಪ ಜಗಲಿಯಲ್ಲಿ ನನ್ನ ಪಕ್ಕ ಕೂತರು. ನ್ಯೂ ಟೌನಿನ ಮನೆಯ ಮಾತು ಅವರೇ ತೆಗೆದರು.

"ಒಳಗೆ ಅವಳು ಅಳೋದು ಕೇಳಿಸ್ತಿತ್ತು ನಂಗೆ. ಬಾಗಿಲ ತನಕ ಹೋಗ್ತಿದ್ದೆ. ಚಿಲಕ ಹಾಕಿರ್ತಿರ್ಲಿಲ್ಲ ಅವಳು. ತಳ್ಳಿದ್ರೆ ಸಾಕಿತ್ತು" ಎಂದರು. ಆಮೇಲೆ, "ಕೊನೇ ನಾಲ್ಕು ದಿನ ಆದ್ರೂ ಚೆನ್ನಾಗಿ ನೋಡ್ಕೊಂಡೆ. ಅವಳಿಗೆ ಸಮಾಧಾನ ಆಗಿತ್ತಲ್ವಾ? ನಿನ್ನ ಹತ್ರ ಏನಾದ್ರೂ ಹೇಳಿದ್ಲಾ?" ಎಂದು ಕೇಳಿದರು.

"ಆಗಿತ್ತು ಚಿಕ್ಕಪ್ಪ" ಎಂದೆ.

ಅವರು ತಲೆಯಾಡಿಸಿ, ಟವೆಲ್ಲಿನಿಂದ ಮುಖ ಒರೆಸಿಕೊಂಡು, ಕೊನೆಯ ಬಸ್ಸು ತಪ್ಪುತ್ತೆ ಏಳು ಎಂದು ನನ್ನನ್ನು ಸ್ಟಾಪಿನವರೆಗೆ ಬಿಡಲು ಎದ್ದರು.